ಕರೆಂಟ್ ಹೋದರೆ ಕಂಗಾಲಾಗಬೇಡಿ!

ಯುಪಿಎಸ್ ಬ್ಯಾಟರಿ ಅಂದರೆ ಅದು ಯಜಮಾನರ ಕೆಲಸ, ಮೆಕ್ಯಾನಿಕ್ ಕೆಲಸ ಎಂದು ದೂರ ನಿಲ್ಲುವವರೇ ಹೆಚ್ಚು. ಆದರೆ ಹಗಲೆಲ್ಲ ಮನೆಯಲ್ಲಿದ್ದು ಅದನ್ನು ಬಳಸುವವರು ನೀವು. ಅದರ ಹೊಟ್ಟೆ ತುಂಬಿದೆಯೋ ಖಾಲಿಯಾಗಿದೆಯೋ ಎಂಬುದು ನಿಮಗೇ ಗೊತ್ತಿದ್ದರೆ ಒಳ್ಳೆಯದಲ್ಲವೇ?

ಸಂಜೆ ಏಳು ಗಂಟೆ. ಒಲೆ ಮೇಲೆ ಸಾರು ಕುದೀತಾ ಇದೆ. ಮಗಳು ನಾಳಿನ ಪರೀಕ್ಷೆಗೆ ಓದುತ್ತಿದ್ದಾಳೆ. ಅತ್ತೆ ಧಾರಾವಾಹಿ ನೋಡುತ್ತಿದ್ದಾರೆ. ಅಷ್ಟರಲ್ಲಿ ಕರೆಂಟ್ ಹೋಯ್ತು! ‘ಪರವಾಗಿಲ್ಲ, ಯುಪಿಎಸ್ ಇದೆಯಲ್ಲ’ ಎಂದು ನೀವು ನಿಶ್ಚಿಂತೆಯಿಂದ ಒಗ್ಗರಣೆ ಹಾಕಲು ಹೋಗುತ್ತೀರಿ. ಹತ್ತೇ ನಿಮಿಷಕ್ಕೆ ಅದು ‘ಕೀಂ ಕೀಂ’ ಎಂದು ಕೂಗಲು ಶುರು ಮಾಡುತ್ತದೆ. ಇನ್ನೈದು ನಿಮಿಷಕ್ಕೆ ಮನೆಯೆಲ್ಲ ಕತ್ತಲು. ‘ತಂದು ಎರಡು ವರ್ಷ ಆಗಿಲ್ಲ, ಆಗಲೇ ಹಾಳಾಯ್ತಾ?’ ಎಂದು ಕಂಪೆನಿಯವರನ್ನು ಬೈದುಕೊಳ್ಳುವುದು ಮಾಮೂಲು.

ಆದರೆ ಒಂದು ಮಾತು. ಬ್ಯಾಟರಿಗಳು ಕೆಲಸ ಮಾಡಿ ಸವೆಯುವುದಕ್ಕಿಂತ ಆರೈಕೆ ಇಲ್ಲದೆ ಬೇಗ ಸಾಯುವುದೇ ಹೆಚ್ಚು. ಪೂರ್ತಿ ಖಾಲಿ ಮಾಡುವುದು, ಮತ್ತೆ ಪೂರ್ತಿ ತುಂಬಿಸದಿರುವುದು, ನೀರು ಒಣಗಲು ಬಿಡುವುದು - ಈ ಮೂರು ತಪ್ಪುಗಳೇ ಅದರ ಆಯಸ್ಸನ್ನು ಕತ್ತರಿಸುತ್ತವೆ. ಮೂರನ್ನೂ ತಪ್ಪಿಸಲು ಎಂಜಿನಿಯರಿಂಗ್ ಓದಬೇಕಿಲ್ಲ. ತಿಂಗಳಿಗೆ ಒಂದು ಹದಿನೈದು ನಿಮಿಷ ಕೊಟ್ಟರೆ ಸಾಕು. ಹತ್ತು ಸಾವಿರಕ್ಕೂ ಹೆಚ್ಚು ಬೆಲೆಯ ವಸ್ತುವಿಗೆ ಇದು ದೊಡ್ಡದೇನಲ್ಲ, ಅಲ್ಲವೇ?

ಆ ಡಬ್ಬಿಯೊಳಗೆ ಏನಿದೆ?

ನಮ್ಮ ಮನೆಗಳಲ್ಲಿ ಯುಪಿಎಸ್ ಅಥವಾ ಇನ್ವರ್ಟರ್ ಪಕ್ಕದಲ್ಲಿ ಇರುವ ದೊಡ್ಡ ಬ್ಯಾಟರಿ ಹೆಚ್ಚಾಗಿ ಸೀಸ ಮತ್ತು ಆಸಿಡ್‌ನದ್ದು. ಫ್ರಾನ್ಸ್‌ನ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ತತ್ವವೇ ಇಂದಿಗೂ ಅದರಲ್ಲಿ ನಡೆಯುತ್ತಿದೆ. ಒಳಗೆ ಆರು ಕೋಣೆಗಳು. ಪ್ರತಿ ಕೋಣೆಯಲ್ಲೂ ಸೀಸದ ಫಲಕಗಳು, ಅವು ಮುಳುಗುವಷ್ಟು ನೀರು ಬೆರೆತ ಗಂಧಕಾಮ್ಲ. ಒಂದೊಂದು ಕೋಣೆ ಸುಮಾರು 2 ವೋಲ್ಟ್ ಕೊಡುತ್ತದೆ. ಆರೂ ಸೇರಿ 12 ವೋಲ್ಟ್.

ನೀವು ಕರೆಂಟ್ ಬಳಸುತ್ತಾ ಹೋದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿ ಪದರ ಕೂರುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದು ಕರಗಿ ಹೋಗುತ್ತದೆ. ಆದರೆ ಖಾಲಿಯಾದ ಬ್ಯಾಟರಿಯನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ? ಎಂಜಲು ತಟ್ಟೆಯನ್ನು ತೊಳೆಯದೆ ಇಟ್ಟರೆ ಅನ್ನದ ಅಗುಳು ಒಣಗಿ ಅಂಟಿಕೊಳ್ಳುವುದಿಲ್ಲವೇ, ಹಾಗೆಯೇ ಆ ಪದರ ಗಟ್ಟಿ ಹರಳಾಗಿಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬಿಡುವುದಿಲ್ಲ. ಫಲಕದ ಅಷ್ಟು ಭಾಗ ಕೆಲಸಕ್ಕೆ ಬಾರದೆ ಹೋಗುತ್ತದೆ. ‘ಚಾರ್ಜ್ ನಿಲ್ತಾ ಇಲ್ಲ’ ಎಂದು ನಾವು ಹೇಳುವುದು ಹೆಚ್ಚಾಗಿ ಇದನ್ನೇ.

ಲೆಕ್ಕ ಹಾಕೋಣ ಬನ್ನಿ

ತಿಂಗಳ ದಿನಸಿ ಲೆಕ್ಕ ಬರೆಯುವ ನಿಮಗೆ ಇದೇನೂ ಕಷ್ಟವಲ್ಲ. ಬ್ಯಾಟರಿಯ ಮೈಮೇಲೆ 150 ಎಎಚ್ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಅದನ್ನು 12 ವೋಲ್ಟ್‌ನಿಂದ ಗುಣಿಸಿ. 1800 ಬಂತು. ಅಂದರೆ 1800 ವ್ಯಾಟ್ ಗಂಟೆಗಳಷ್ಟು ದಾಸ್ತಾನು. ಬ್ಯಾಟರಿಯ ಕರೆಂಟನ್ನು ಮನೆಯ 230 ವೋಲ್ಟ್‌ಗೆ ಬದಲಿಸುವಾಗ ಇನ್ವರ್ಟರ್ ತನ್ನ ಕೂಲಿ ಎಂಬಂತೆ ಒಂದಿಷ್ಟನ್ನು ತಿನ್ನುತ್ತದೆ. ಐದರಲ್ಲಿ ಒಂದು ಭಾಗ ಹೋಯಿತು ಎಂದರೂ ನಿಮ್ಮ ಕೈಗೆ ಸಿಗುವುದು 1440.

ಈಗ ಖರ್ಚು ನೋಡಿ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಒಂದಕ್ಕೆ ಸುಮಾರು 75 ವ್ಯಾಟ್. ಮೂರು ಫ್ಯಾನ್ ತಿರುಗಿದರೆ 225. ನಾಲ್ಕು ಎಲ್‌ಇಡಿ ಬಲ್ಬ್, ತಲಾ 9 ವ್ಯಾಟ್‌ನಂತೆ 36. ಟಿ.ವಿ.ಗೆ 60. ವೈಫೈ ಡಬ್ಬಿಗೆ 10. ಒಟ್ಟು 331 ವ್ಯಾಟ್. 1440ನ್ನು 331ರಿಂದ ಭಾಗಿಸಿದರೆ ನಾಲ್ಕು ಗಂಟೆ ಚಿಲ್ಲರೆ. ಇದು ಹೊಸ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿದಾಗಿನ ಲೆಕ್ಕ. ಲೋಡ್ ಜಾಸ್ತಿಯಾದಷ್ಟೂ ನಿಜವಾಗಿ ಸಿಗುವ ಹೊತ್ತು ಇದಕ್ಕಿಂತ ಕಡಿಮೆಯೇ.

ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧಕ್ಕೆ ನಿಲ್ಲಿಸುವುದು ಜಾಣತನ. ಅಂದರೆ ಈ ಮನೆಗೆ ಎರಡು ಗಂಟೆ. ‘ಅಯ್ಯೋ, ಇಷ್ಟೇನಾ?’ ಎನ್ನಬೇಡಿ. ಖರ್ಚು ತಗ್ಗಿಸಿದರೆ ಹೊತ್ತು ಹೆಚ್ಚುತ್ತದೆ. ಈಗ ಸಿಗುವ ಬಿಎಲ್‌ಡಿಸಿ ಫ್ಯಾನ್‌ಗಳಿಗೆ 30 ವ್ಯಾಟ್‌ನ ಆಸುಪಾಸು ಸಾಕು. ಮೂರೂ ಫ್ಯಾನ್ ಅಂಥವಾದರೆ ಒಟ್ಟು ಖರ್ಚು 331ರಿಂದ 196ಕ್ಕೆ ಇಳಿಯುತ್ತದೆ. ಅದೇ ಅರ್ಧ ಬ್ಯಾಟರಿ ಆಗ ಮೂರೂವರೆ ಗಂಟೆ ಬರುತ್ತದೆ. ಟಿ.ವಿ.ಯನ್ನೂ ಆಫ್ ಮಾಡಿದರೆ ಐದು ಗಂಟೆ! ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಫ್ಯಾನ್ ಬದಲಿಸುವ ಬಗ್ಗೆ ಯೋಚಿಸಿ. ಅದರಿಂದ ಕರೆಂಟ್ ಬಿಲ್ಲೂ ತಗ್ಗುತ್ತದೆ.

ಕೆಲವು ಉಪಕರಣಗಳನ್ನು ಯುಪಿಎಸ್ ಲೈನಿಗೆ ಸೇರಿಸಲೇಬಾರದು. ಇಸ್ತ್ರಿ ಪೆಟ್ಟಿಗೆ, ಗೀಸರ್, ಇಂಡಕ್ಷನ್ ಒಲೆ, ನೀರಿನ ಮೋಟಾರ್ - ಇವೆಲ್ಲ ಸಾವಿರದ ಹತ್ತಿರ ಅಥವಾ ಅದಕ್ಕೂ ಹೆಚ್ಚು ವ್ಯಾಟ್ ಎಳೆಯುವ ಹೊಟ್ಟೆಬಾಕಗಳು. ಮಿಕ್ಸಿ 500ರಿಂದ 750 ವ್ಯಾಟ್. ‘ಚಟ್ನಿಗೆ ಎರಡೇ ನಿಮಿಷ ತಾನೇ’ ಎಂದು ತಿರುಗಿಸಿದರೆ ಸಣ್ಣ ಯುಪಿಎಸ್ ಓವರ್‌ಲೋಡ್ ಆಗಿ ನಿಂತುಬಿಡಬಹುದು. ಫ್ರಿಜ್ ಓಡುವಾಗ ಕಡಿಮೆ ಎಳೆದರೂ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಎಳೆಯುತ್ತದೆ. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಆದ್ದರಿಂದ ಅದರ ಚಿಂತೆ ಬಿಡಿ.

ಖರ್ಚು ಮಾಡಿದ್ದನ್ನು ತುಂಬಿಸಿ

ಇಲ್ಲಿಯೇ ಬಹಳ ಮಂದಿ ಎಡವುವುದು. ಎರಡು ಗಂಟೆ ಬಳಸಿದರೆ ಎರಡು ಗಂಟೆಯಲ್ಲಿ ತುಂಬುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ! 150 ಎಎಚ್ ಬ್ಯಾಟರಿಯಲ್ಲಿ ಅರ್ಧ, ಅಂದರೆ 75 ಖರ್ಚಾಗಿದ್ದರೆ ಅದನ್ನು ತುಂಬಿಸಲು ಸುಮಾರು 90 ಬೇಕು. ತುಂಬಿಸುವಾಗಲೂ ಸೋರಿಕೆ ಇದ್ದೇ ಇದೆ. ಗಂಟೆಗೆ 12ರಂತೆ ತುಂಬಿದರೆ ಏಳೆಂಟು ಗಂಟೆ ಹಿಡಿಯಿತು. ಅದರಲ್ಲೂ ಕೊನೆಯ ಭಾಗ ತೀರಾ ನಿಧಾನ. ಕೊಡ ತುಂಬುತ್ತಾ ಬಂದಾಗ ಚೆಲ್ಲದಂತೆ ನಲ್ಲಿ ಸಣ್ಣ ಮಾಡುತ್ತೇವಲ್ಲ, ಚಾರ್ಜರ್ ಕೂಡ ಹಾಗೆಯೇ ಮಾಡುತ್ತದೆ.

ಬೆಳಿಗ್ಗೆ ಎರಡು ಗಂಟೆ ಕರೆಂಟ್ ಹೋಗಿ, ಮಧ್ಯಾಹ್ನ ಬಂದು, ಸಂಜೆ ಮತ್ತೆ ಹೋದರೆ ನಿಮ್ಮ ಬಳಿ ಇರುವುದು ಮುಕ್ಕಾಲೋ ಮುಕ್ಕಾಲಿಗೂ ಕಡಿಮೆಯೋ. ಅಂಥ ದಿನ ಸಂಜೆ ಕೈ ಬಿಗಿ ಹಿಡಿಯಬೇಕು. ಒಂದೇ ಕೋಣೆಯಲ್ಲಿ ಎಲ್ಲರೂ ಕುಳಿತರೆ ಒಂದು ಫ್ಯಾನ್, ಒಂದು ದೀಪ ಸಾಕಲ್ಲವೇ?

ನಿರ್ವಹಣೆ ಕೆಲಸಕ್ಕಾಗಿ ಎಲ್ಲೆಲ್ಲಿ ಕರೆಂಟ್ ಇರುವುದಿಲ್ಲ ಎಂದು ಬೆಸ್ಕಾಂ ಮೊದಲಾದ ಕಂಪೆನಿಗಳು ಮುಂಚೆಯೇ ಪ್ರಕಟಿಸುತ್ತವೆ. ಪತ್ರಿಕೆಯಲ್ಲಿ ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ. ನಿಮ್ಮ ಬಡಾವಣೆಯ ಹೆಸರು ಇದ್ದರೆ ಹಿಂದಿನ ರಾತ್ರಿಯೇ ಯುಪಿಎಸ್ ಚಾರ್ಜ್ ಆಗುತ್ತಿದೆಯೇ ನೋಡಿ. ಮೊಬೈಲ್, ಎಮರ್ಜೆನ್ಸಿ ಲ್ಯಾಂಪ್ ಎಲ್ಲವನ್ನೂ ಚಾರ್ಜ್ ಮಾಡಿಡಿ. ಮೇಲಿನ ಟ್ಯಾಂಕ್ ತುಂಬಿಸಿ. ಹಿಟ್ಟು ರುಬ್ಬಿಡಿ. ಹೇಳದೆ ಕೇಳದೆ ಹೋದ ಕರೆಂಟ್ ಬಗ್ಗೆ ದೂರು ಕೊಡಲು 1912 ಸಂಖ್ಯೆ ಇದೆ.

ಬ್ಯಾಟರಿ ಎಷ್ಟು ತುಂಬಿದೆ ಎಂದು ತಿಳಿಯುವುದು ಹೇಗೆ? ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಚಾರ್ಜಿಂಗೂ ಇಲ್ಲದೆ ಬಳಕೆಯೂ ಇಲ್ಲದೆ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಹೊಟ್ಟೆ ತುಂಬಿದೆ ಎಂದರ್ಥ. 12.2ರ ಹತ್ತಿರ ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬೇಗನೆ ಚಾರ್ಜ್ ಮಾಡಿ. ಚಾರ್ಜ್ ಆಗುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ತೋರಿಸಬೇಕು. ಗಂಟೆಗಟ್ಟಲೆ ಚಾರ್ಜ್‌ಗೆ ಇಟ್ಟರೂ 13 ದಾಟದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ನೀರುಣಿಸುವ ಕ್ರಮ

ಚಾರ್ಜ್ ಆಗುವಾಗ ಒಳಗಿನ ನೀರು ಅನಿಲವಾಗಿ ಹೊರಟು ಹೋಗುತ್ತದೆ. ಆಸಿಡ್ ಅಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದ್ದು ನೀರನ್ನು ಮಾತ್ರ, ಆಸಿಡ್ ಅನ್ನು ಅಲ್ಲ. ಅದೂ ಭಟ್ಟಿ ಇಳಿಸಿದ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಕ್ಯಾನ್‌ಗಟ್ಟಲೆ ಸಿಗುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಕುಕ್ಕರಿನ ತಳದಲ್ಲಿ ಕಟ್ಟುವ ಬಿಳಿ ಕಲೆಯನ್ನು ನೋಡಿದ್ದೀರಲ್ಲ, ಆ ಲವಣಗಳೆಲ್ಲ ಫಲಕಗಳಿಗೆ ಶತ್ರು. ಕುಡಿಯುವ ಆರ್‌ಒ ನೀರು ಶುದ್ಧವಾದರೂ ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಮಳೆನೀರು, ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನ ಪ್ರಯೋಗವೂ ಬೇಡ.

ತಿಂಗಳಿಗೊಮ್ಮೆ ಮಟ್ಟ ನೋಡಿ. ಹೆಚ್ಚಿನ ಬ್ಯಾಟರಿಗಳಲ್ಲಿ ಪ್ರತಿ ಮುಚ್ಚಳದಲ್ಲೂ ತೇಲುವ ಸೂಚಕ ಇರುತ್ತದೆ. ಅದು ಕೆಳಗಿನ ಗುರುತಿಗೆ ಇಳಿದಿದ್ದರೆ ನೀರು ಹಾಕುವ ಹೊತ್ತಾಯಿತು. ಹುಣ್ಣಿಮೆ, ಅಮಾವಾಸ್ಯೆ ಅಥವಾ ಸಿಲಿಂಡರ್ ಬುಕ್ ಮಾಡುವ ದಿನ - ಯಾವುದಾದರೂ ಒಂದನ್ನು ನೆನಪಿಗೆ ಗಂಟು ಹಾಕಿಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ:

* ಮೊದಲು ಯುಪಿಎಸ್ ಬಟನ್ ಆಫ್ ಮಾಡಿ. ಗೋಡೆಯ ಪ್ಲಗ್ ಕೂಡ ಆಫ್ ಮಾಡಿ. ಬರೀ ಬಟನ್ ಆಫ್ ಮಾಡಿದರೆ ಹೆಚ್ಚಿನ ಯುಪಿಎಸ್‌ಗಳಲ್ಲಿ ಚಾರ್ಜಿಂಗ್ ನಡೆಯುತ್ತಲೇ ಇರುತ್ತದೆ.

* ಬಳೆ, ಉಂಗುರ, ವಾಚು ತೆಗೆದಿಡಿ. ತಾಳಿ ಸರವನ್ನು ರವಿಕೆಯೊಳಗೆ ಸೇರಿಸಿ. ಚಿನ್ನವೋ ಕಬ್ಬಿಣವೋ, ಲೋಹ ಎರಡೂ ತುದಿಗಳಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಚರ್ಮ ಸುಡುತ್ತದೆ.

* ಹಳೆಯ ಬಟ್ಟೆ ಉಟ್ಟುಕೊಳ್ಳಿ. ಒಂದು ಹನಿ ಆಸಿಡ್ ಬಿದ್ದರೂ ಕಾಟನ್ ಸೀರೆ ತೂತಾಗುತ್ತದೆ. ರಬ್ಬರ್ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ.

* ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ, ಪ್ಲಾಸ್ಟಿಕ್ ಆಲಿಕೆಯಿಂದ ಮೇಲಿನ ಗುರುತಿನವರೆಗೆ ಮಾತ್ರ ತುಂಬಿಸಿ. ಖಾಲಿ ಬ್ಯಾಟರಿಗೆ ಅಂಚಿನವರೆಗೆ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಬರುತ್ತದೆ.

* ಫಲಕಗಳೇ ಕಾಣುವಷ್ಟು ಒಣಗಿದ್ದರೆ ಮಾತ್ರ ಮೊದಲು ಅವು ಮುಳುಗುವಷ್ಟು ನೀರು ಹಾಕಿ, ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿಸಿ.

* ಮುಚ್ಚಳಗಳನ್ನು ಬಿಗಿ ಮಾಡಿ, ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಕೊನೆಗೆ ಪ್ಲಗ್ ಹಾಕಿ.

ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ಅಡುಗೆ ಸೋಡಾವನ್ನು ಬಿಸಿನೀರಿನಲ್ಲಿ ಕಲಸಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಸೋಡಾ ನೀರು ಕೋಣೆಗಳೊಳಗೆ ಹೋಗದಿರಲಿ. ಒರೆಸಿ ಒಣಗಿಸಿದ ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿ. ತುದಿಯ ತಂತಿ ಸಡಿಲವಾಗಿದ್ದರೆ ಚಾರ್ಜ್ ಸರಿಯಾಗಿ ಹೋಗುವುದಿಲ್ಲ, ಬಿಸಿಯೂ ಆಗುತ್ತದೆ. ಅದನ್ನು ಬಿಗಿ ಮಾಡುವ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಗೆ ಬಿಡಿ.

ದೇವರ ದೀಪದ ಕೆಳಗೆ ಬೇಡ

ಜಾಗ ಇಲ್ಲ ಎಂದು ದೇವರ ಗೂಡಿನ ಕೆಳಗೆ, ಮೆಟ್ಟಿಲ ಕೆಳಗಿನ ಮುಚ್ಚಿದ ಕಪಾಟಿನಲ್ಲಿ, ಮಕ್ಕಳು ಮಲಗುವ ಕೋಣೆಯಲ್ಲಿ ಬ್ಯಾಟರಿ ಇಡುವವರಿದ್ದಾರೆ. ಚಾರ್ಜ್ ಆಗುವಾಗ ಅದರಿಂದ ಜಲಜನಕ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಒಂದು ಕಿಡಿ ತಾಗಿದರೆ ಸಿಡಿಯುತ್ತದೆ. ಗಾಳಿಯಾಡುವ ಕಡೆ ಅದು ಹಾರಿ ಹೋಗುತ್ತದೆ. ಮುಚ್ಚಿದ ಗೂಡಿನಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ದೀಪ, ಊದುಬತ್ತಿ, ಕರ್ಪೂರ, ಗ್ಯಾಸ್ ಒಲೆಯಿಂದ ದೂರವಿಡಿ. ಮುಚ್ಚಳ ತೆಗೆದಾಗ ಒಳಗೆ ನೋಡಲು ಬೆಂಕಿಕಡ್ಡಿ ಗೀರಬೇಡಿ, ಟಾರ್ಚ್ ಹಿಡಿಯಿರಿ.

ಬಾಲ್ಕನಿಯಲ್ಲಿ ಸುಡುವ ಬಿಸಿಲಿಗೂ ಇಡಬೇಡಿ. ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಸ್ಥೂಲ ಲೆಕ್ಕ. ರಾಯಚೂರು, ಕಲಬುರಗಿಯಂಥ ಬಿಸಿಲೂರಿನವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿ ಬೇಸಿಗೆಯಲ್ಲಿ ನೀರೂ ಬೇಗ ಇಳಿಯುತ್ತದೆ.

ಆಸಿಡ್ ಕಣ್ಣಿಗೆ ಹಾರಿದರೆ ತಡ ಮಾಡಬೇಡಿ. ರೆಪ್ಪೆ ತೆರೆದು ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಹಾಲು, ತುಪ್ಪ, ಸೋಡಾ ಏನೂ ಹಾಕಬೇಡಿ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ಒರೆಸಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬ್ಯಾಟರಿಗೆ ಗಾಳಿಯಾಡುವ ಟ್ರಾಲಿ ಹಾಕಿಸಿ.

ಮನೆಯಲ್ಲಿ ರೋಗಿಗಳಿದ್ದರೆ

ಇದು ಧಾರಾವಾಹಿ ತಪ್ಪಿಹೋಗುವಷ್ಟು ಸಣ್ಣ ವಿಷಯವಲ್ಲ. ಆಸ್ತಮಾ ಇರುವ ಮಗುವಿಗೆ ನೆಬ್ಯುಲೈಜರ್ ಬೇಕಾಗಬಹುದು. ಮಾವನವರಿಗೆ ರಾತ್ರಿ ಆಮ್ಲಜನಕದ ಯಂತ್ರ ಬೇಕಾಗಬಹುದು. ಯಂತ್ರದ ಹಿಂಬದಿಯ ಚೀಟಿಯಲ್ಲಿ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ನೋಡಿ ಲೆಕ್ಕ ಹಾಕಿ. ಆಮ್ಲಜನಕದ ಯಂತ್ರ 300 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅದೊಂದೇ ಮೂರು ಫ್ಯಾನ್‌ಗಳಿಗಿಂತ ಹೆಚ್ಚು ತಿನ್ನುತ್ತದೆ. ಅಂಥ ಮನೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ಯುಪಿಎಸ್ ಇರಲಿ, ಜತೆಗೆ ತುಂಬಿದ ಆಕ್ಸಿಜನ್ ಸಿಲಿಂಡರ್ ಬಗ್ಗೆಯೂ ವೈದ್ಯರನ್ನು ಕೇಳಿ. ಬರೀ ಬ್ಯಾಟರಿ ನಂಬಿ ಕೂರಬೇಡಿ. ಬಳಕೆಯಲ್ಲಿರುವ ಇನ್ಸುಲಿನ್ ಬಗ್ಗೆ ಗಾಬರಿ ಬೇಡ. ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೆ ಅದು ಕೆಡುವುದಿಲ್ಲ. ಫ್ರಿಜ್ ಬಾಗಿಲು ಪದೇ ಪದೇ ತೆರೆಯದಿದ್ದರೆ ಆಯಿತು.

ಊರಿಗೆ ಹೊರಟಿರಾ?

ಬೇಸಿಗೆ ರಜೆಗೆ ತವರಿಗೆ ಹೋಗುವಾಗ ಮೇನ್ ಸ್ವಿಚ್ಚನ್ನೇ ಆಫ್ ಮಾಡುವವರು ಗಮನಿಸಿ. ಬಳಸದೆ ಇಟ್ಟ ಬ್ಯಾಟರಿಯೂ ತಾನಾಗಿ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಸುಮ್ಮನೆ ಕೂತ ಯುಪಿಎಸ್ ಕೂಡ ಒಂದಿಷ್ಟು ಕುಡಿಯುತ್ತದೆ. ವಾರ, ಹತ್ತು ದಿನಕ್ಕಾದರೆ ನೀರಿನ ಮಟ್ಟ ನೋಡಿ, ಯುಪಿಎಸ್ ಬಟನ್ ಆಫ್ ಮಾಡಿ, ಪ್ಲಗ್ ಮಾತ್ರ ಆನ್ ಇರಲಿ. ತಿಂಗಳುಗಟ್ಟಲೆ ಮನೆ ಬೀಗ ಹಾಕುವುದಾದರೆ ಪೂರ್ತಿ ಚಾರ್ಜ್ ಮಾಡಿ, ಎಲೆಕ್ಟ್ರಿಷಿಯನ್ನರಿಂದ ತಂತಿ ಬಿಡಿಸಿ. ಒಂದೆರಡು ತಿಂಗಳಿಗೊಮ್ಮೆ ನೆಂಟರಿಗೋ ನೆರೆಯವರಿಗೋ ಹೇಳಿ ಮತ್ತೆ ಚಾರ್ಜ್ ಮಾಡಿಸಿದರೆ ಒಳ್ಳೆಯದು.

ಕರೆಂಟೇ ಇಲ್ಲದ ಕಡೆ

ಮಳೆಗಾಲದಲ್ಲಿ ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ವಿದೇಶದಲ್ಲಿರುವ ಮಗನೋ ಮಗಳೋ ಕರೆದಾಗ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಕಾಡಿನಂಚಿನಲ್ಲಿ ಬಿಡಾರ ಹೂಡುವ ಯೋಗವೂ ನಿಮಗೆ ಬರಬಹುದು. ಇಲ್ಲೂ ಅದೇ ಲೆಕ್ಕ. ಆದರೆ ತುಂಬಿಸಲು ಗೋಡೆಯ ಪ್ಲಗ್ ಇರುವುದಿಲ್ಲ, ಅಷ್ಟೇ.

ಟ್ರೇಲರ್‌ನಲ್ಲಿ 100 ಎಎಚ್‌ನ ಸೀಸದ ಬ್ಯಾಟರಿ ಇದೆ ಎನ್ನಿ. ಅರ್ಧಕ್ಕೆ ನಿಲ್ಲಿಸಿದರೆ ಬಳಸಲು ಸಿಗುವುದು 50. ಅದರಲ್ಲಿನ 12 ವೋಲ್ಟ್ ಪುಟ್ಟ ಫ್ರಿಜ್ ಒಂದೇ ದಿನಕ್ಕೆ 30ರಿಂದ 50ರವರೆಗೆ ತಿನ್ನುತ್ತದೆ. ಅಂದರೆ ಒಂದೇ ದಿನಕ್ಕೆ ಮುಗೀತು! ಕಾರು ಓಡುವಾಗ ಅದರ ಎಂಜಿನ್‌ನಿಂದ ಚಾರ್ಜ್ ಆಗುವ ವ್ಯವಸ್ಥೆ ಇರುತ್ತದೆ, ನಿಜ. ಆದರೆ ಅರ್ಧ ಗಂಟೆ ಓಡಿಸಿದರೆ ಎಲ್ಲ ತುಂಬುವುದಿಲ್ಲ. ಖಾಲಿ ಬ್ಯಾಟರಿಗೆ ಗಂಟೆಗಟ್ಟಲೆ ಪ್ರಯಾಣ ಬೇಕು.

ಇಲ್ಲಿ ಕೈ ಹಿಡಿಯುವವನು ಸೂರ್ಯ. 100 ವ್ಯಾಟ್‌ನ ಸೌರಫಲಕ ಒಳ್ಳೆಯ ಬಿಸಿಲಿನ ದಿನ 25ರಿಂದ 30 ಎಎಚ್ ತುಂಬಿಸಬಹುದು. ಫ್ರಿಜ್, ದೀಪ, ಮೊಬೈಲ್ ಎಲ್ಲ ಸೇರಿದರೆ 200 ವ್ಯಾಟ್‌ನ ಫಲಕ ಬೇಕಾಗುತ್ತದೆ. ಫಲಕದಿಂದ ನೇರವಾಗಿ ಬ್ಯಾಟರಿಗೆ ತಂತಿ ಎಳೆಯಬಾರದು. ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಅದಿಲ್ಲದಿದ್ದರೆ ಬ್ಯಾಟರಿ ಕುದಿದು ಹಾಳಾಗುತ್ತದೆ. ತಂಪಿಗೆಂದು ಮರದ ಕೆಳಗೆ ಟ್ರೇಲರ್ ನಿಲ್ಲಿಸಿದರೆ ಚಾವಣಿಯ ಫಲಕಕ್ಕೆ ಬಿಸಿಲು ಬೀಳುವುದಿಲ್ಲ. ಮಡಚುವ ಫಲಕವಾದರೆ ನೀವು ನೆರಳಲ್ಲಿ, ಫಲಕ ಬಿಸಿಲಲ್ಲಿ! ಭಾರತದಲ್ಲಿ ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ಆಸ್ಟ್ರೇಲಿಯಾದಲ್ಲಿದ್ದರೆ ಉತ್ತರಕ್ಕೆ. ಒಂದು ಮೂಲೆಗೆ ನೆರಳು ಬಿದ್ದರೂ ಇಳುವರಿ ತಗ್ಗುತ್ತದೆ, ಧೂಳು ಕೂತರೂ ಅಷ್ಟೇ. ಬೆಳಿಗ್ಗೆ ಒಮ್ಮೆ ಒರೆಸಿಬಿಡಿ.

ಅಲ್ಲಿ ಚಹಾಕ್ಕೆ ವಿದ್ಯುತ್ ಕೆಟಲ್ ಹಚ್ಚಬೇಡಿ. 1500 ವ್ಯಾಟ್‌ನ ಕೆಟಲ್ 12 ವೋಲ್ಟ್ ಬ್ಯಾಟರಿಯಿಂದ 125 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಗ್ಯಾಸ್ ಒಲೆಯನ್ನು ಬಯಲಲ್ಲಿ ಇಟ್ಟು ಕಾಫಿ ಕಾಯಿಸಿ, ಬ್ಯಾಟರಿಯನ್ನು ದೀಪಕ್ಕೆ, ಫ್ರಿಜ್‌ಗೆ ಉಳಿಸಿ. ಜನರೇಟರ್ ಬಳಸುವುದಾದರೆ ತೋಟದ ಮನೆಯಲ್ಲಾಗಲಿ ಬಿಡಾರದಲ್ಲಾಗಲಿ ಒಳಗೆ ಅಥವಾ ಕಿಟಕಿಯ ಹತ್ತಿರ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮಲಗಿದವರನ್ನು ಎಚ್ಚರವಾಗದಂತೆ ಕೊಂದುಬಿಡುತ್ತದೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಕಾರಿನ ಹಳೆಯ ಬ್ಯಾಟರಿಯನ್ನು ಯುಪಿಎಸ್‌ಗೆ ಹಾಕಬಹುದೇ?
ಬೇಡ. ಕಾರಿನ ಬ್ಯಾಟರಿ ಎಂಜಿನ್ ಎಬ್ಬಿಸಲು ಕೆಲವೇ ಕ್ಷಣ ಜೋರಾಗಿ ಕರೆಂಟ್ ಕೊಡುವಂಥದ್ದು. ಗಂಟೆಗಟ್ಟಲೆ ನಿಧಾನವಾಗಿ ಕೊಡಲು ಹೋದರೆ ಬೇಗ ಸೋಲುತ್ತದೆ. ಮನೆಗೆ ಟ್ಯೂಬುಲರ್ ಬ್ಯಾಟರಿ ಒಳ್ಳೆಯದು.

ಲಿಥಿಯಂ ಬ್ಯಾಟರಿ ಕೊಳ್ಳಬಹುದೇ?
ಬೆಲೆ ಹೆಚ್ಚು. ಆದರೆ ನೀರು ಹಾಕುವ ಗೋಜಿಲ್ಲ, ಹಗುರ, ಬೇಗ ತುಂಬುತ್ತದೆ. ಅರ್ಧಕ್ಕೆ ನಿಲ್ಲಿಸಬೇಕಿಲ್ಲ, ನೂರರಲ್ಲಿ ಎಂಬತ್ತು ಭಾಗ ಬಳಸಬಹುದು. ಹಳೆಯ ಯುಪಿಎಸ್‌ಗೆ ಅದು ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಎರಡರ ಚಾರ್ಜಿಂಗ್ ಕ್ರಮ ಬೇರೆ ಬೇರೆ.

ಯುಪಿಎಸ್ ಹಾಕಿದಾಗ ಫ್ಯಾನ್ ಗುಂಯ್‌ಗುಡುತ್ತದೆ. ಬ್ಯಾಟರಿ ದೋಷವೇ?
ಬ್ಯಾಟರಿಯದ್ದಲ್ಲ. ಸ್ಕ್ವೇರ್ ವೇವ್ ಯುಪಿಎಸ್‌ನಲ್ಲಿ ಈ ಸದ್ದು ಸಹಜ. ಮುಂದಿನ ಸಲ ಕೊಳ್ಳುವಾಗ ಸೈನ್ ವೇವ್ ಕೇಳಿ.

ಹೊಸ ಬ್ಯಾಟರಿ ಕೊಳ್ಳುವಾಗ ಏನು ನೋಡಬೇಕು?
ತಯಾರಾದ ತಿಂಗಳು ಯಾವುದೆಂದು ಕೇಳಿ. ಅಂಗಡಿಯಲ್ಲಿ ಬಹುಕಾಲ ಕೂತದ್ದು ಬೇಡ. ವಾರಂಟಿ ಕಾರ್ಡ್‌ಗೆ ಸೀಲು, ದಿನಾಂಕ ಹಾಕಿಸಿ, ಬಿಲ್ ಜತೆ ಜೋಪಾನ ಮಾಡಿ.

ಹಳೆಯದನ್ನು ಏನು ಮಾಡುವುದು?
ಗಾಡಿಯಲ್ಲಿ ಬರುವ ಗುಜರಿಯವರಿಗೆ ಕೊಡಬೇಡಿ. ಬೇಕಾಬಿಟ್ಟಿ ಒಡೆದರೆ ಸೀಸ ಮಣ್ಣಿಗೆ, ನೀರಿಗೆ ಸೇರುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ಹಳೆಯ ಬ್ಯಾಟರಿಗಳನ್ನು ಸುರಕ್ಷಿತವಾಗಿ ಮರುಬಳಕೆ ಮಾಡಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ನೆನಪಿರಲಿ

* ಅರ್ಧ ಬಳಸಿ, ಪೂರ್ತಿ ತುಂಬಿಸಿ.
* ಯುಪಿಎಸ್ ಕೂಗಲು ಶುರು ಮಾಡುವ ಮೊದಲೇ ಲೋಡ್ ಇಳಿಸಿ.
* ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.
* ಗಾಳಿ ಬೇಕು. ಬೆಂಕಿ, ಬಿಸಿಲು ಬೇಡ.
* ನೀರು ತುಂಬಿಸಿದ ದಿನಾಂಕವನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ.

ಹಾಲಿನವನ ಲೆಕ್ಕ, ಪೇಪರ್ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ಬ್ಯಾಟರಿಗೂ ಒಂದು ಗುರುತು ಹಾಕಿ. ಈ ತಿಂಗಳಿನಿಂದಲೇ ಶುರು ಮಾಡಬಹುದಲ್ಲವೇ?